ಎಫ್‌ಎಂ 24: ಟೇಬಲ್‌ನಲ್ಲಿ ಐದನೇ ಸ್ಥಾನ, ಆದ್ರೂ ಸಪೋರ್ಟರ್ಸ್ ಗ್ರೇಡ್ ಸಿ ಮೈನಸ್. ಯಾಕೆ?

ಹಿಂದಿನಬೆಂಚು: ಫುಟ್‌ಬಾಲ್ ಮ್ಯಾನೇಜರ್ 2024 (ಕ್ಲಬ್ ನಡೆಸೋ ಕಂಪ್ಯೂಟರ್ ಗೇಮ್), ಇಂಗ್ಲೆಂಡ್‌ನ ಎರಡನೇ ಹಂತದ ಲೀಗ್ ಚಾಂಪಿಯನ್‌ಶಿಪ್‌ನ ಸಂಡರ್‌ಲ್ಯಾಂಡ್, ಮೊದಲ ಸೀಸನ್, ಈಗ ಫೆಬ್ರವರಿ. ಬೋರ್ಡ್ ಕೇಳಿದ್ದು ಮೇಲಿನ ಅರ್ಧ, ತಂಡ ಐದನೇ ಸ್ಥಾನದಲ್ಲಿದೆ. ಬೋರ್ಡ್ ಗ್ರೇಡ್ ಬಿ ಪ್ಲಸ್, ಸಪೋರ್ಟರ್ಸ್ ಸಿ ಮೈನಸ್. ಜನವರಿಯಲ್ಲಿ ಸ್ಟಾರ್ ವಿಂಗರ್ (ಅಂಚಿನಲ್ಲಿ ಆಡೋ ಆಟಗಾರ) ಜಾಕ್ ಕ್ಲಾರ್ಕ್‌ನ 2.2 ಕೋಟಿ ಪೌಂಡ್‌ಗೆ ಮಾರಿ, 60 ಲಕ್ಷಕ್ಕೆ 19 ವರ್ಷದ ವಿಂಗರ್ ಒಬ್ಬನನ್ನ ತಂದಾಯ್ತು. ಆಮೇಲೆ ಮಿಡಲ್ಸ್‌ಬ್ರೋ ಎದುರು ಹೋಮ್ ಮ್ಯಾಚ್ 0-1. ನಂತರ ಸತತ ಮೂರು ಗೆಲುವು, ಆದ್ರೂ ಗ್ರೇಡ್ ಅಲುಗಾಡ್ತಿಲ್ಲ. ಗೆದ್ರೂ ಏರದಿದ್ರೆ ಇನ್ನೇನು ಮಾಡೋದು?

ಆಫ್‌ಸೈಡ್‌ಅಣ್ಣ: ಒಟ್ಟು ಗ್ರೇಡ್ ನೋಡ್ತಾ ಕೂತ್ರೆ ಏನೂ ಗೊತ್ತಾಗಲ್ಲ ಗುರು. ಗೇಮ್‌ನಲ್ಲಿ ಕ್ಲಬ್ ವಿಷನ್ ಪುಟ ತೆರೆದು ಸಪೋರ್ಟರ್ಸ್ ಭಾಗಕ್ಕೆ ಹೋಗಿ, ಅಲ್ಲಿ ಪಂದ್ಯದ ಫಲಿತಾಂಶ ಬೇರೆ, ಟ್ರಾನ್ಸ್‌ಫರ್ ಬೇರೆ. ಗೆಲುವು ಎತ್ತೋದು ಮೊದಲನೆಯದನ್ನ ಮಾತ್ರ. ಅದೂ ನಿರೀಕ್ಷೆಗೆ ತಕ್ಕಂತೆ: ಕೆಳಗಿನ ತಂಡವನ್ನ ಹೋಮ್‌ನಲ್ಲಿ ಸೋಲಿಸಿದ್ರೆ ಚೂರೇ ಏರುತ್ತೆ, ನಿಮ್ಮ ಮಿಡಲ್ಸ್‌ಬ್ರೋ ಪಂದ್ಯದಂಥ ಡರ್ಬಿ, ಅಂದ್ರೆ ನೆರೆಯ ಎದುರಾಳಿ ಜೊತೆಗಿನ ಪಂದ್ಯ ಸೋತ್ರೆ ಧಡಾರ್ ಅಂತ ಬೀಳುತ್ತೆ. ನಿಮ್ಮದು ಸಿಕ್ಕಿಕೊಂಡಿರೋದು ಟ್ರಾನ್ಸ್‌ಫರ್‌ನಲ್ಲಿ ಅನ್ಸುತ್ತೆ.

ಗೋಲ್‌ಗುಮ್ಮಟ: ಜೊತೆಗೆ ಸಪೋರ್ಟರ್ ಪ್ರೊಫೈಲ್ ನೋಡಿ. ಎಫ್‌ಎಂ 23ರಿಂದ ಅಭಿಮಾನಿಗಳು ಆರು ಗುಂಪು: ಹಾರ್ಡ್‌ಕೋರ್, ಕೋರ್, ಫ್ಯಾಮಿಲಿ, ಫೇರ್ ವೆದರ್ (ಗೆಲ್ತಿರೋವಾಗ ಮಾತ್ರ ಬರೋರು), ಕಾರ್ಪೊರೇಟ್, ಕ್ಯಾಶುಯಲ್. ಯಾವ ಗುಂಪು ಎಷ್ಟಿದೆ ಅನ್ನೋದು ಕ್ಲಬ್‌ನಿಂದ ಕ್ಲಬ್‌ಗೆ ಬದಲಾಗುತ್ತೆ, ಹಾಗಾಗಿ ಒಂದು ಕ್ಲಬ್‌ನಲ್ಲಿ ನಡೆದ ಮಾರಾಟ ಇನ್ನೊಂದರಲ್ಲಿ ನಡೆಯಲ್ಲ. ಬೋರ್ಡ್‌ಗೆ ಲಾಭ ಕಂಡ್ರೆ ಸಾಕು. ಫ್ಯಾನ್ಸ್‌ಗೆ ಕಾಣೋದು ಸ್ಟಾರ್ ಹೋದ, ಹೆಸರಿಲ್ಲದ ಹುಡುಗ ಬಂದ ಅನ್ನೋದು. ಒಂದೇ ಮಾರಾಟಕ್ಕೆ ಎರಡು ತೀರ್ಪು ಬರೋದು ಹೀಗೆ. ವಿನ್ಯಾಸ ತಪ್ಪಲ್ಲ, ಆದ್ರೆ ಕಾರಣ ಬಿಡಿಸಿ ಹೇಳದೆ ಬರೀ ಅಕ್ಷರ ತೋರಿಸೋದು ಕಿರಿಕಿರಿಯೇ.

ಪ್ರೆಸ್‌ಬಾಕ್ಸ್: ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಫ್ಯಾನ್ಸ್ ಒತ್ತಡ ತರ್ತಾರೆ, ಕೆಲಸದಿಂದ ತೆಗೆಯೋದು ಬೋರ್ಡ್. ಬಿ ಪ್ಲಸ್ ಇದ್ದಾಗ ಕುರ್ಚಿ ಗಟ್ಟಿ.

ಆಫ್‌ಸೈಡ್‌ಅಣ್ಣ: ಐದನೇ ಸ್ಥಾನದಲ್ಲಿರೋವರೆಗೆ ಸರಿ. ನಾಲ್ಕು ಪಂದ್ಯ ಸೋತ್ರೆ ಎರಡೂ ಒಟ್ಟಿಗೆ ಜಾರುತ್ತೆ, ಆಗ ತಡೆಯೋಕೆ ಏನೂ ಉಳಿದಿರಲ್ಲ. ಆ ಹುಡುಗನ ಸರಾಸರಿ ರೇಟಿಂಗ್ ಎಷ್ಟು? ಎಲ್ಲಿ ಆಡ್ತಾನೆ?

ಹಿಂದಿನಬೆಂಚು: 6.61, ಕಡಿಮೆಯೇ. ಕ್ಲಾರ್ಕ್ ಜಾಗದಲ್ಲೇ, ಎಡಗಡೆ ಇನ್‌ಸೈಡ್ ಫಾರ್ವರ್ಡ್, ಅಂದ್ರೆ ಅಂಚಿನಿಂದ ಒಳಗೆ ನುಗ್ಗೋ ರೋಲ್. ಎಡಗಾಲಿನವನು, ಬಲಗಾಲು ವೀಕ್.

ಆಫ್‌ಸೈಡ್‌ಅಣ್ಣ: ಸಿಕ್ತು ನೋಡಿ. ಕ್ಲಾರ್ಕ್ ಬಲಗಾಲಿನವನು, ಎಡಗಡೆಯಿಂದ ಒಳಗೆ ಕತ್ತರಿಸಿದ್ರೆ ಶಾಟ್‌ಗೆ ಬಲಗಾಲು ಸಿಗ್ತಿತ್ತು. ಈ ಹುಡುಗ ಒಳಗೆ ಬಂದ್ರೆ ವೀಕ್ ಕಾಲೇ ಗತಿ. ಅಲ್ಲೇ ಬಿಡೋದಾದ್ರೆ ರೋಲ್ ವಿಂಗರ್ ಮಾಡಿ, ಲೈನ್ ಹಿಡಿದು ಓಡಿ ಕ್ರಾಸ್ ಹಾಕಲಿ. ಬಾಕ್ಸ್‌ನಲ್ಲಿ ಹೆಡರ್ ಹೊಡೆಯೋ ಸ್ಟ್ರೈಕರ್ ಬೇಕು. ಇಲ್ಲಾಂದ್ರೆ ಬಲಗಡೆ ಹಾಕಿ ಇನ್‌ಸೈಡ್ ಫಾರ್ವರ್ಡ್ ಆಗಿಯೇ ಆಡಿಸಿ, ಆದ್ರೆ ಮೊದಲು ಅವನ ಪೊಸಿಷನ್ ಪಟ್ಟಿಯಲ್ಲಿ ಆ ಜಾಗ ಹಸಿರು ಇದೆಯಾ, ಅಂದ್ರೆ ಅಲ್ಲಿ ಚೆನ್ನಾಗಿ ಆಡಬಲ್ಲನಾ ನೋಡಿ. ಹೊಸಬ ಆಡಿ ತೋರಿಸಿದಂತೆ ಅವನ ಖರೀದಿ ಬಗ್ಗೆ ಫ್ಯಾನ್ಸ್ ಅಭಿಪ್ರಾಯವೂ ಏರುತ್ತೆ.

ಗೋಲ್‌ಗುಮ್ಮಟ: ಬೇಸಿಗೆಗೆ ಇನ್ನೊಂದು ಮಾತು. ಬದಲಿ ಆಟಗಾರ ಸಹಿ ಹಾಕಿದ ಮೇಲೆ ಮಾರಿ, ಮಾರಿ ಹುಡುಕೋದು ಬೇಡ. ಡ್ಯಾನ್ ನೀಲ್ ಥರ ಅಕಾಡೆಮಿ ಹುಡುಗರನ್ನ (ಕ್ಲಬ್‌ನಲ್ಲೇ ಬೆಳೆದವರು) ಮಾರೋದನ್ನ ಕೊನೆಗೆ ಇಡಿ. ಬದ್ಧ ಎದುರಾಳಿ ನ್ಯೂಕಾಸಲ್ ಎಷ್ಟೇ ಕೊಡ್ತೀನಿ ಅಂದ್ರೂ ಆಫರ್ ಇನ್‌ಬಾಕ್ಸ್‌ನಲ್ಲೇ ತಿರಸ್ಕರಿಸಿ.