ಹೊಸ ಉದ್ಯಮಕ್ಕೆ ಚಾಟ್‌ಬಾಟ್‌ ಸಲಹೆ: ನಮ್ಮ ನಗರ ಹೋಬಳಿಗೂ ಕೊಪ್ಪಕ್ಕೂ ಒಂದೇ ಪಟ್ಟಿ ಕೊಡುತ್ತದೆ. ಇದನ್ನು ಕೇಳುವ ಕ್ರಮವೇನು?

ಅಡಿಕೆ ಸುಲಿಯುವವ, ನಗರ ಹೋಬಳಿ

ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹತ್ತಿರ ನಮ್ಮ ಮನೆ. ಎರಡು ಎಕರೆ ಚಿಲ್ಲರೆ ತೋಟವಿದೆ. ಎಲೆಚುಕ್ಕಿ ರೋಗ ಬಂದ ಮೇಲೆ ಸ್ವಂತ ಫಸಲನ್ನೇ ನಂಬಿ ವರ್ಷ ತೂಗಿಸುವುದು ಕಷ್ಟವಾಗಿ, ಸಾಲ ಮಾಡಿ ಅಡಿಕೆ ಸುಲಿಯುವ ಯಂತ್ರ ತಂದೆ. ಹಳೆಯ ಪಿಕಪ್ ಗಾಡಿಯ ಮೇಲೆ ಅದನ್ನು ಹೇರಿಕೊಂಡು ಮನೆಮನೆಗೆ ಹೋಗಿ ಬಾಡಿಗೆಗೆ ಸುಲಿದುಕೊಡುತ್ತೇನೆ. ಮನೆಯ ಹಿಂದೆ ಸೌದೆ ಉರಿಸುವ ಡ್ರೈಯರ್ ಕೂಡ ಇದೆ. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಊಟಕ್ಕೂ ಪುರಸೊತ್ತಿಲ್ಲ. ಆಮೇಲೆ ಯಂತ್ರಕ್ಕೆ ಟಾರ್ಪಾಲು ಹೊದೆಸಿ ಇಡುವುದೇ. ಬ್ಯಾಂಕಿನ ಕಂತಿಗೆ ಮಾತ್ರ ಹನ್ನೆರಡು ತಿಂಗಳೂ ಸುಗ್ಗಿ.

ಉಳಿದ ತಿಂಗಳುಗಳಿಗೆ ಏನಾದರೂ ದಾರಿ ನೋಡಬೇಕೆಂದು ಒದ್ದಾಡುತ್ತಿದ್ದಾಗ, ಪಿಯುಸಿ ಓದುವ ಮಗಳು ಮೊಬೈಲಿನಲ್ಲಿ ಚಾಟ್‌ಬಾಟ್ ತೆರೆದುಕೊಟ್ಟಳು. ಮಲೆನಾಡಿನಲ್ಲಿ ಕಡಿಮೆ ಬಂಡವಾಳದಲ್ಲಿ ಮಾಡಬಹುದಾದ ಉದ್ಯಮ ಹೇಳು ಎಂದು ಕನ್ನಡದಲ್ಲೇ ಕೇಳಿದೆ. ಕಣ್ಣು ಮಿಟುಕಿಸುವುದರೊಳಗೆ ಪಟ್ಟಿ ಬಂತು: ಹೋಂಸ್ಟೇ, ಹಾಳೆ ತಟ್ಟೆ, ಜೇನು ಸಾಕಣೆ, ಅಣಬೆ, ಉಪ್ಪಿನಕಾಯಿ, ಚಾರಣಿಗರಿಗೆ ಮಾರ್ಗದರ್ಶನ. ಕೊಪ್ಪದಲ್ಲಿರುವ ಭಾವಮೈದ ತನ್ನ ಊರಿನ ಹೆಸರು ಹಾಕಿ ಕೇಳಿದ. ಅವನಿಗೂ ಅದೇ ಪಟ್ಟಿ, ಜೊತೆಗೆ ಕಾಫಿಪುಡಿ. ಮಳೆಗಾಲದಲ್ಲಿ ನಮ್ಮ ದಣಪೆಯವರೆಗೆ ಜೀಪು ಬರುವುದೇ ದೊಡ್ಡದು. ಹೋಂಸ್ಟೇಗೆ ಬರುವ ನೆಂಟರನ್ನು ಹೊತ್ತು ತರಬೇಕು.

ಇನ್ನೊಂದು ಕಿರಿಕಿರಿ ಅದರ ಹೊಗಳಿಕೆ. ಪರೀಕ್ಷೆ ಮಾಡೋಣವೆಂದು, ಆಷಾಢದಲ್ಲಿ ಹುಲಿಕಲ್ ಘಾಟಿಯ ಮೇಲೆ ಬಿಸಿಲಿಗೆ ಅಡಿಕೆ ಒಣಗಿಸಿಕೊಡುವ ಉದ್ಯಮ ಮಾಡುತ್ತೇನೆ ಎಂದು ಬರೆದೆ. ‘ವಿಶಿಷ್ಟವಾದ ಯೋಚನೆ!’ ಎಂದು ಬೆನ್ನು ತಟ್ಟಿ, ಸೂರ್ಯನ ಚಿತ್ರವಿರುವ ಲಾಂಛನವನ್ನೂ ಸೂಚಿಸಿತು. ಆಷಾಢದಲ್ಲಿ ಹುಲಿಕಲ್ಲಿನಲ್ಲಿ ಸೂರ್ಯನನ್ನು ನೋಡಬೇಕಾದರೆ ಆ ಲಾಂಛನವನ್ನೇ ನೋಡಬೇಕು. ಮತ್ತೊಮ್ಮೆ ಯಾವುದೋ ಸರ್ಕಾರಿ ಸಹಾಯಧನದ ಹೆಸರು ಹೇಳಿತು. ಕಚೇರಿಗೆ ಹೋಗಿ ವಿಚಾರಿಸಿದರೆ ಅಂಥ ಯೋಜನೆಯ ಹೆಸರನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಇದರಿಂದ ನಿಜವಾಗಿ ಉಪಯೋಗ ಪಡೆದವರು ಇದ್ದೀರಾ? ಹೇಗೆ ಕೇಳಿದಿರಿ? ಬಿಟ್ಟುಬಿಡಿ ಎನ್ನುವವರೂ ಹೇಳಬಹುದು, ಆದರೆ ಕಾರಣ ಕೊಡಿ.

ಎಂಬಿಎ ವಿದ್ಯಾರ್ಥಿ, ಶಂಕರಘಟ್ಟ

ಸರ್, ನಿಮಗೂ ನಿಮ್ಮ ಭಾವಮೈದನಿಗೂ ಒಂದೇ ಪಟ್ಟಿ ಬಂದದ್ದು ಆಕಸ್ಮಿಕವಲ್ಲ. 2024ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ, ಎಐ ಕೊಟ್ಟ ಎಳೆ ಹಿಡಿದು ಸಣ್ಣಕಥೆ ಬರೆದವರ ಕಥೆಗಳನ್ನು ಓದುಗರು ಹೆಚ್ಚು ಸೃಜನಶೀಲವೆಂದು ಎಣಿಸಿದರು. ಆದರೆ ಎಐ ನೆರವಿಲ್ಲದೆ ಬರೆದವಕ್ಕಿಂತ ಆ ಕಥೆಗಳು ಒಂದನ್ನೊಂದು ಹೆಚ್ಚು ಹೋಲುತ್ತಿದ್ದವು. ಬಿಡಿಬಿಡಿಯಾಗಿ ಲಾಭ, ಒಟ್ಟಾಗಿ ನೋಡಿದರೆ ಏಕತಾನ.

ಹಾಗೆಂದು ತಳ್ಳಿಹಾಕುವಂತೆಯೂ ಇಲ್ಲ. ಅಮೆರಿಕದ ವಾರ್ಟನ್ ಬಿಸಿನೆಸ್ ಶಾಲೆಯ ಪ್ರಾಧ್ಯಾಪಕರು 2023ರಲ್ಲಿ, ಕಾಲೇಜು ಹುಡುಗರಿಗೆ 50 ಡಾಲರಿನೊಳಗೆ ಮಾರಬಹುದಾದ ವಸ್ತುಗಳ ಕಲ್ಪನೆಯನ್ನು ಓಪನ್‌ಎಐ ಕಂಪನಿಯ ಎಐ ಮಾದರಿ ಜಿಪಿಟಿ-4ರಿಂದ ಪಡೆದು, ತಮ್ಮ ವಿದ್ಯಾರ್ಥಿಗಳು ಹಿಂದೆ ಕೊಟ್ಟಿದ್ದ ಕಲ್ಪನೆಗಳ ಜೊತೆ ಬೆರೆಸಿ ಗ್ರಾಹಕರ ಮುಂದಿಟ್ಟರು. ಅತ್ಯುತ್ತಮ 40ರಲ್ಲಿ 35 ಯಂತ್ರದವು. ಕೊಳ್ಳುತ್ತೀರಾ ಎಂದು ಕೇಳಿದ್ದಷ್ಟೇ, ಯಾರೂ ಜೇಬಿಗೆ ಕೈ ಹಾಕಲಿಲ್ಲ ಎಂಬುದನ್ನೂ ಸೇರಿಸಿಕೊಳ್ಳಬೇಕು.

ನಿಮಗೆ ಹೆಚ್ಚು ಹತ್ತಿರದ್ದು ಕೀನ್ಯಾದ ಪ್ರಯೋಗ. ಅಲ್ಲಿನ 640 ಸಣ್ಣ ಉದ್ಯಮಿಗಳಲ್ಲಿ ಕೆಲವರಿಗೆ ವಾಟ್ಸ್‌ಆ್ಯಪ್ ಮೂಲಕ ಜಿಪಿಟಿ-4 ಸಲಹೆಗಾರನನ್ನು ಕೊಟ್ಟರು. ಸರಾಸರಿಯಲ್ಲಿ ಏನೂ ವ್ಯತ್ಯಾಸವಿಲ್ಲ. ಮೊದಲೇ ಚೆನ್ನಾಗಿ ನಡೆಸುತ್ತಿದ್ದವರ ವ್ಯಾಪಾರ ಮೇಲೇರಿತು, ಕುಂಟುತ್ತಿದ್ದವರದು ಇನ್ನಷ್ಟು ಇಳಿಯಿತು. ಬಂದ ಸಲಹೆಗಳಲ್ಲಿ ತನಗೆ ಒಗ್ಗುವುದು ಯಾವುದೆಂದು ಆರಿಸುವ ಶಕ್ತಿ ಇರುವವನಿಗೇ ಅದು ದಕ್ಕುತ್ತದೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಹೊಗಳಿಕೆಯ ರೋಗ ಕಂಪನಿಗಳಿಗೂ ಗೊತ್ತು. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಬಿಡುಗಡೆ ಮಾಡಿದ ಜಿಪಿಟಿ-4ಒ ಪರಿಷ್ಕರಣೆ ಎಷ್ಟು ಮುಖಸ್ತುತಿ ಮಾಡುತ್ತಿತ್ತೆಂದರೆ, ಜನ ನಗತೊಡಗಿದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆದರು. ‘ನನ್ನ ಯೋಚನೆ ಹೇಗಿದೆ’ ಎನ್ನುವ ಬದಲು ‘ಇದೇ ಉದ್ಯಮ ಮಾಡಿ ಕೈಸುಟ್ಟುಕೊಂಡವನು ಏನು ಹೇಳುತ್ತಾನೆ’ ಎಂದು ಕೇಳಿ ನೋಡಿ, ಧಾಟಿ ಬದಲಾಗುತ್ತದೆ.

ಮಿಡಿ ಉಪ್ಪಿನಕಾಯಿ, ಸಾಗರ

ನನ್ನದು ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವಿನ ಉಪ್ಪಿನಕಾಯಿಯ ವ್ಯಾಪಾರ, ಹದಿನೈದು ವರ್ಷ ದಾಟಿತು. ಹೊಸ ಯೋಚನೆ ಕೊಡು ಎಂದು ನಾನು ಅದನ್ನು ಕೇಳುವುದಿಲ್ಲ. ಒಮ್ಮೆ ಕೇಳಿದ್ದಕ್ಕೆ ಮಿಡಿಯನ್ನು ಹೋಳು ಮಾಡಿ ಸಾಸಿವೆ ಎಣ್ಣೆಯಲ್ಲಿ ಹಾಕಲು ಹೇಳಿತು! ಇಡೀ ಮಿಡಿಯನ್ನು ಉಪ್ಪಿನಲ್ಲಿ ಮುದುಡಿಸಿ, ಬಿಟ್ಟ ನೀರಿನಲ್ಲೇ ಖಾರ ಕಡೆದು ಹಾಕುವವರು ನಾವು. ಎಣ್ಣೆಯ ಹನಿ ಸೋಕಿಸುವುದಿಲ್ಲ. ಸೊನೆಯ ಪರಿಮಳ ಹೋದರೆ ಅದು ಅಪ್ಪೆಯೇ ಅಲ್ಲ. ಇದನ್ನೆಲ್ಲ ಅದಕ್ಕೆ ಕಲಿಸುತ್ತ ಕೂರಲು ನನಗೆ ವ್ಯವಧಾನವಿಲ್ಲ.

ಲೆಕ್ಕಕ್ಕೆ ಮಾತ್ರ ಬಹಳ ಒಳ್ಳೆಯದು. ಕಳೆದ ಬೇಸಿಗೆಯಲ್ಲಿ ಬೆಂಗಳೂರಿಗೆ ಕೊರಿಯರ್ ಶುರು ಮಾಡುವ ಮೊದಲು ಮಿಡಿಯ ದರ, ಉಪ್ಪು, ಖಾರದಪುಡಿ, ಗಾಜಿನ ಭರಣಿ, ಆಳಿನ ಕೂಲಿ ಎಲ್ಲ ಬರೆದು, ನಾನು ಮರೆತ ಖರ್ಚು ಯಾವುದು ಎಂದು ಕೇಳಿದೆ. ದಾರಿಯಲ್ಲಿ ಒಡೆಯುವ ಭರಣಿ, ಹಿಂದಿರುಗಿ ಬರುವ ಪೊಟ್ಟಣದ ಎರಡನೇ ಬಾಡಿಗೆ, ಮಿಡಿಗೆ ಮಾರ್ಚಿನಲ್ಲಿ ಹಾಕಿದ ದುಡ್ಡು ದೀಪಾವಳಿಯವರೆಗೆ ಸಿಕ್ಕಿಕೊಳ್ಳುವುದರ ಬಡ್ಡಿ. ಕೊನೆಯದನ್ನು ನಮ್ಮ ಮನೆಯವರೂ ಹೇಳಿರಲಿಲ್ಲ. ಆ ಲೆಕ್ಕ ನೋಡಿ ಗಾಜು ಬಿಟ್ಟು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಬಂದೆ. ಲೇಬಲ್ಲಿನ ಮೇಲೆ ಪದಾರ್ಥಗಳು, ನಿವ್ವಳ ತೂಕ, ತಯಾರಿಸಿದ ದಿನಾಂಕ, ಬ್ಯಾಚ್ ಸಂಖ್ಯೆ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) ಸಂಖ್ಯೆ ಇರಬೇಕೆಂದೂ ಜ್ಞಾಪಿಸಿತು. ಅದನ್ನು ನಾನು ಇಲಾಖೆಯ ಜಾಲತಾಣದಲ್ಲಿ ಮತ್ತೆ ತಾಳೆ ನೋಡಿಯೇ ಅಚ್ಚು ಹಾಕಿಸಿದೆ.

ನಿವೃತ್ತ, ಬ್ಯಾಂಕ್ ಸಾಲ ವಿಭಾಗ, ತೀರ್ಥಹಳ್ಳಿ

ಸೇವೆಯ ಕೊನೆಯ ಎರಡು ವರ್ಷ ನನ್ನ ಮೇಜಿಗೆ ಬಂದ ಯೋಜನಾ ವರದಿಗಳನ್ನು ಈ ಯಂತ್ರಗಳೇ ಬರೆದಿದ್ದವು. ‘ಸ್ಥಳೀಯ ಸಂಪನ್ಮೂಲಗಳ ಸುಸ್ಥಿರ ಬಳಕೆ’ ಎಂಬ ಸಾಲು ಕಂಡೊಡನೆ ನಾನು ನೇರವಾಗಿ ಕೊನೆಯ ಪುಟಕ್ಕೆ ಹೋಗುತ್ತಿದ್ದೆ. ಯಾರು ಕೊಳ್ಳುತ್ತಾರೆ, ಯಾವ ತಿಂಗಳಲ್ಲಿ, ಎಷ್ಟಕ್ಕೆ ಎಂದು ಕೇಳಿದರೆ ಅರ್ಜಿದಾರ ಮೊಬೈಲ್ ತೆಗೆಯುತ್ತಿದ್ದ.

ಮೊದಲು ಹಾಳೆ ತಟ್ಟೆಯ ವಿಷಯ, ಏಕೆಂದರೆ ಈಗಲೂ ಎಷ್ಟೋ ಹುಡುಗರು ಅದಕ್ಕೆ ಕೈಹಾಕುತ್ತಾರೆ. ಪಟ್ಟಿಯಲ್ಲಿ ಅದರ ಎದುರು ‘ರಫ್ತಿಗೆ ವಿಪುಲ ಅವಕಾಶ’ ಎಂದು ಇದ್ದಿರಲೇಬೇಕು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆ, ಬಟ್ಟಲುಗಳಿಂದ ಅಡಿಕೆಯಲ್ಲಿರುವ ಆಲ್ಕಲಾಯ್ಡು ಎಂಬ ರಾಸಾಯನಿಕಗಳು ಆಹಾರಕ್ಕೆ ಸೇರಬಹುದೆಂದು ಹೇಳಿ, ಅವನ್ನು ಬಳಸಬಾರದೆಂದು ಎಚ್ಚರಿಸಿತು. ಅಲ್ಲಿಯ ಬಂದರಿನಲ್ಲಿ ಸರಕನ್ನು ತಡೆಯುವ ವ್ಯವಸ್ಥೆಯೂ ಆಯಿತು. ನಮ್ಮ ಅಜ್ಜಂದಿರು ಹಾಳೆಯಲ್ಲಿ ಉಂಡರಲ್ಲ ಎಂಬ ವಾದ ಬೇರೆ. ಅಮೆರಿಕದ ಗಿರಾಕಿಯನ್ನು ನಂಬಿ ಯಂತ್ರ ಕೊಂಡವನ ಕಂತು ಆ ವಾದದಿಂದ ತೀರುವುದಿಲ್ಲ. ಹಳೆಯ ಬರಹಗಳನ್ನು ಓದಿ ಬೆಳೆದ ಬಾಟ್, ಅಂತರ್ಜಾಲದಲ್ಲಿ ಹೊಸದಾಗಿ ಹುಡುಕದೆ ಉತ್ತರಿಸಿದರೆ ಇಂಥದ್ದನ್ನು ಹೇಳುವುದಿಲ್ಲ. ‘ಈ ವರ್ಷ ಏನು ಬದಲಾಗಿದೆ, ಹುಡುಕಿ ಮೂಲ ತೋರಿಸು’ ಎಂದು ಒತ್ತಾಯಿಸಬೇಕು.

ಸಹಾಯಧನದ ವಿಷಯಕ್ಕೆ: ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗೆ ಕೇಂದ್ರದ ಪಿಎಂಎಫ್ಎಂಇ ಯೋಜನೆ 2020ರಲ್ಲಿ ಬಂತು. ವೆಚ್ಚದ ಶೇ 35, ಗರಿಷ್ಠ 10 ಲಕ್ಷ ರೂಪಾಯಿ. ಆದರೆ ಅದು ಸಾಲಕ್ಕೆ ಜೋಡಿಸಿದ ಸಹಾಯಧನ. ಬ್ಯಾಂಕು ಒಪ್ಪದಿದ್ದರೆ ಒಂದು ರೂಪಾಯಿಯೂ ಇಲ್ಲ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೃಷಿ ಇಲಾಖೆಯಲ್ಲೇ ವಿಚಾರಿಸಿ. ಇರುವ ಒಂದು ಕಂತಿನ ಮೇಲೆ ಇನ್ನೊಂದನ್ನು ಎಳೆದುಕೊಳ್ಳಬೇಡಿ ಎಂಬುದು ನನ್ನ ಹಳೆಯ ಚಾಳಿಯ ಮಾತು.

ಇನ್ನು ನಿಮ್ಮ ಪ್ರಶ್ನೆ. ಮಾರಾಯರೇ, ನಿಮ್ಮ ಆಸ್ತಿ ಯಂತ್ರವಲ್ಲ. ನಿಮ್ಮ ಗಾಡಿ ಹೋಗಿ ನಿಲ್ಲುವ ಅಂಗಳಗಳು. ಯಾರ ತೋಟದಲ್ಲಿ ಎಷ್ಟು ಫಸಲು, ಯಾರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಯಾರು ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡುತ್ತಾರೆ, ಯಾರು ಸತಾಯಿಸುತ್ತಾರೆ ಎಂಬುದು ನಿಮಗೆ ಗೊತ್ತು. ಆ ತಿಳಿವಳಿಕೆ ಕೊಪ್ಪದವನಿಗೂ ಇಲ್ಲ, ಕ್ಯಾಲಿಫೋರ್ನಿಯಾದ ಕಂಪ್ಯೂಟರಿಗೂ ಇಲ್ಲ. ನೀವು ಮಲೆನಾಡಿನ ಉದ್ಯಮ ಕೇಳಿದಿರಿ, ಅದು ಮಲೆನಾಡಿನ ಬಗ್ಗೆ ಓದಿದ್ದನ್ನು ಒಪ್ಪಿಸಿತು. ‘ಇಂಥ ಮನೆಗಳು ನನಗೆ ಈಗಾಗಲೇ ಹಣ ಕೊಡುತ್ತಿವೆ. ಮಾರ್ಚಿನಿಂದ ಸೆಪ್ಟೆಂಬರಿನವರೆಗೆ ಇವರು ಬೇರೆ ಯಾರಿಗೆ, ಯಾವ ಕೆಲಸಕ್ಕೆ ಹಣ ಕೊಡುತ್ತಾರೆ, ಅದರಲ್ಲಿ ಯಾವುದಕ್ಕೆ ಜನ ಸಿಗುತ್ತಿಲ್ಲ’ ಎಂದು ಕೇಳಿ ನೋಡಿ. ಮನೆಗಳ ಹೆಸರು, ಫೋನ್ ಸಂಖ್ಯೆ ಅದಕ್ಕೆ ತುಂಬಬೇಡಿ. ತೋಟದ ಅಳತೆ, ಮನೆಯಲ್ಲಿ ದುಡಿಯುವವರ ಸಂಖ್ಯೆ ಸಾಕು.

ಅಡಿಕೆ ಸುಲಿಯುವವ, ನಗರ ಹೋಬಳಿ

ತೀರ್ಥಹಳ್ಳಿಯ ರಾಯರು ಹೇಳಿದಂತೆ ಮಗಳ ಕೈಯಲ್ಲಿ ಬರೆಸಿದೆ. ಹೆಸರು ಬಿಟ್ಟು ಮನೆ ಒಂದು, ಮನೆ ಎರಡು ಎಂದು ಹಾಕಿ, ಎಕರೆ, ವಯಸ್ಸಾದವರು ಮಾತ್ರ ಇರುವ ಮನೆ ಯಾವುದು, ಟ್ರ್ಯಾಕ್ಟರ್ ಹೋಗುವ ದಾರಿ ಇದೆಯೇ, ನನ್ನ ಬಳಿ ಇರುವ ಗಾಡಿ, ಡ್ರೈಯರ್, ಶೆಡ್ಡು ಎಲ್ಲವನ್ನೂ ಸೇರಿಸಿದೆವು. ಹೊಸ ಸಾಲ ಮಾಡುವುದಿಲ್ಲ ಎಂದೂ ಖಡಾಖಂಡಿತವಾಗಿ ಬರೆದೆವು.

ಈ ಸಲ ಪಟ್ಟಿ ಬರಲಿಲ್ಲ, ತಿರುಗಿ ಪ್ರಶ್ನೆ ಬಂತು. ಮಳೆಗಾಲದಲ್ಲಿ ಡ್ರೈಯರಿನಲ್ಲಿ ಒಣಗಿಸಲು ಏನು ಸಿಗುತ್ತದೆ? ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವವರು ಯಾರು? ಮೊದಲನೆಯದಕ್ಕೆ ಉಪ್ಪಾಗೆ, ಅಂದರೆ ಸಿಪ್ಪೆ ಒಣಗಿಸಿ ಹುಳಿಗೆ ಬಳಸುವ ಹಣ್ಣು ಎಂದೆ. ಅದು ಹಣ್ಣಾಗುವುದೇ ಮಳೆಯಲ್ಲಿ, ಸೌದೆ ಶಾಖವಿಲ್ಲದೆ ಒಣಗುವುದಿಲ್ಲ. ಸ್ವಂತ ಜಾಗದಲ್ಲಿ ಮರ ಇರುವವರು ಈಗ ಅಡುಗೆಮನೆಯ ಒಲೆಯ ಮೇಲೆ ತಟ್ಟಿ ಕಟ್ಟಿ ಒಣಗಿಸುತ್ತಾರೆ, ಅರ್ಧ ಹೊಗೆ ಹಿಡಿದು ದರ ಬೀಳುತ್ತದೆ. ಸಣ್ಣ ಕೆಲಸ, ಆದರೆ ಡ್ರೈಯರ್ ಸುಮ್ಮನೆ ಕೂತಿದೆಯಲ್ಲ. ಕಾಡಿನ ಉಪ್ಪಾಗೆಯ ತಂಟೆಗೆ ಹೋಗುವುದಿಲ್ಲ.

ಎರಡನೆಯದು ದೊಡ್ಡದು. ಮುಂಗಾರಿನ ಹೊಸ್ತಿಲಲ್ಲಿ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೆಯದಿದ್ದರೆ ನಮ್ಮ ಕಡೆ ಕೊಳೆ ಬಿಡುವುದಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದು ಎಲ್ಲರಿಗೂ ಗೊತ್ತು. ಜಾರುವ ಮರ ಹತ್ತುವ ಕೊನೆಗಾರರೇ ಇಲ್ಲ. ನೆಲದ ಮೇಲೆ ನಿಂತು ಉದ್ದದ ಫೈಬರ್ ದೋಟಿಯಿಂದ ಹೊಡೆಯುವ ತಂಡಗಳು ತೀರ್ಥಹಳ್ಳಿ ಕಡೆ ಇವೆ. ನಮ್ಮಲ್ಲಿಗೆ ಬರುವಷ್ಟರಲ್ಲಿ ಕಾಯಿ ಉದುರಿರುತ್ತದೆ.

ಬಾಟ್ ಇದಕ್ಕೆ ದಿನಕ್ಕೆ ಇಷ್ಟು ಮರ, ತಿಂಗಳಿಗೆ ಇಷ್ಟು ಆದಾಯ ಎಂದು ಅಂದವಾದ ಲೆಕ್ಕ ಕೊಟ್ಟಿತು. ಅದರಲ್ಲಿ ಮಳೆಯೇ ಇರಲಿಲ್ಲ. ಮಳೆ ಹೊಳವು ಕೊಟ್ಟ ದಿನವೇ ಹೊಡೆಯಬೇಕು, ಆ ದಿನ ಎಲ್ಲ ಮನೆಯವರಿಗೂ ನಾನೇ ಬೇಕು. ಹೀಗಿದೆ ಎಂದು ಬರೆದ ಮೇಲೆ ಲೆಕ್ಕವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿತು. ಜೊತೆಗೆ, ಮುಂಗಡ ಕೊಟ್ಟವರಿಗೆ ಸರದಿ ಚೀಟಿ ಕೊಡು, ಒಂದೇ ದಾರಿಯಲ್ಲಿರುವ ಮನೆಗಳನ್ನು ಒಂದೇ ದಿನಕ್ಕೆ ಸೇರಿಸು ಎಂದಿತು. ಮುಂಗಡದ ಮಾತನ್ನು ನಮ್ಮವರ ಹತ್ತಿರ ಎತ್ತುವುದು ಹೇಗೆ ಎಂದು ಮಾತ್ರ ಹೊಳೆಯುತ್ತಿಲ್ಲ. ಸುಲಿದ ಕೂಲಿಯನ್ನೇ ಅಡಿಕೆ ಮಾರಿದ ಮೇಲೆ ಕೊಡುತ್ತೇವೆ ಎನ್ನುವವರು.

ಮಿಡಿ ಉಪ್ಪಿನಕಾಯಿ, ಸಾಗರ

ಹಣದ ಮುಂಗಡ ಕೇಳಬೇಡಿ, ಮೈಲುತುತ್ತ ಮತ್ತು ಸುಣ್ಣವನ್ನು ಅವರೇ ಮೊದಲು ತಂದಿಡಲಿ. ತಂದಿಟ್ಟವರ ಮನೆ ಸರದಿಯಲ್ಲಿ ಮುಂದೆ. ನಮ್ಮ ಯಜಮಾನರು ದೋಟಿಯವರಿಗೆ ಹಾಗೆಯೇ ಮಾಡುವುದು, ಯಾರಿಗೂ ಮುಖ ಕೆಡುವುದಿಲ್ಲ.

ಅಡಿಕೆ ಸುಲಿಯುವವ, ನಗರ ಹೋಬಳಿ

ಇದು ಸರಿಯಾದ ಮಾತು, ಧನ್ಯವಾದ ಅಕ್ಕಾ. ಹೊಸನಗರ, ತೀರ್ಥಹಳ್ಳಿ ಕಡೆ ಯಾರಾದರೂ ಬಳಸಿದ ಫೈಬರ್ ದೋಟಿ ಮಾರುವವರಿದ್ದರೆ ಇಲ್ಲಿ ತಿಳಿಸಿ. ಅರವತ್ತು ಅಡಿಗಿಂತ ಕಡಿಮೆ ಬೇಡ, ನಮ್ಮ ಮರಗಳು ಹಳೆಯವು. ಬೆಲೆ ನೋಡಿಕೊಂಡು ಮಾತಾಡೋಣ.