ಎಲ್‌ಸಿಪಿ (ಲಿಕ್ವಿಡ್ ಕ್ರಿಸ್ಟಲ್ ಪಾಲಿಮರ್ ಪ್ಲಾಸ್ಟಿಕ್) ಪೀಸ್ ಉದ್ದಕ್ಕೆ ಗಟ್ಟಿ, ಅಡ್ಡಕ್ಕೆ ಹಪ್ಪಳ. ಗೋಡೆ ದಪ್ಪ ಮಾಡಲಾ?

ದಾವಣಗೆರೆ ಮೋಲ್ಡರ್:
ದಾವಣಗೆರೆಯಲ್ಲಿ ಎರಡು ಮಶಿನ್ ಇಟ್ಟುಕೊಂಡು ಪ್ಲಾಸ್ಟಿಕ್ ಮೋಲ್ಡಿಂಗ್ ಮಾಡುತ್ತೇನೆ. ಇಷ್ಟು ವರ್ಷ ಪಿಪಿ, ನೈಲಾನ್ ಬಿಟ್ಟು ಬೇರೆ ಮುಟ್ಟಿದವನಲ್ಲ. ಈಗ ಒಂದು ಕನೆಕ್ಟರ್ ಆರ್ಡರ್ ಬಂದಿದೆ, ಎಲ್‌ಸಿಪಿಯಲ್ಲೇ ಬೇಕಂತೆ. ಗ್ಲಾಸ್ ಎಳೆ ಸೇರಿಸದ ದಾನಾ (ಪ್ಲಾಸ್ಟಿಕ್ ಕಾಳು). ಚೆನ್ನಾಗಿ ಒಣಗಿಸಿ, ಬ್ಯಾರೆಲ್ (ದಾನಾ ಕರಗಿಸುವ ಕೊಳವೆ) 290 ಡಿಗ್ರಿ ಇಟ್ಟು ಓಡಿಸಿದೆ. ನೀರಿನ ಹಾಗೆ ಹರಿಯಿತು. 0.8 ಮಿಮೀ ಗೋಡೆ ಮೊದಲ ಷಾಟ್‌ಗೇ ತುಂಬಿತು.

ಆ ಖುಷಿ ಸಂಜೆವರೆಗೂ ಉಳಿಯಲಿಲ್ಲ. ಪಿನ್ ತೂರಿಸಿದರೆ ತೂತಿನ ಹಿಂದೆ ಕೂದಲೆಳೆಯಂಥ ಬಿರುಕು. ಸಾಲದ್ದಕ್ಕೆ ಪೀಸ್ ಸೊಟ್ಟ ಬೇರೆ. ಡೇಟಾಶೀಟ್ ನೋಡಿದರೆ ಬಿಗಿತ 10 ಗಿಗಾಪಾಸ್ಕಲ್ ಆಸುಪಾಸು ಅಂತಿದೆ!

ತಲೆ ಕೆಟ್ಟು, ಒಂದು ಚಪ್ಪಟೆ ಪೀಸನ್ನು ಹ್ಯಾಕ್ಸಾದಲ್ಲಿ ಕೊಯ್ದೆ. ಕರಗಿದ ಮಾಲು ಹರಿದ ಉದ್ದಕ್ಕೆ ಕೊಯ್ದ ಪಟ್ಟಿ ಸುಲಭಕ್ಕೆ ಮುರಿಯಲಿಲ್ಲ, ಎಳೆ ಎಳೆ ಬಿಟ್ಟುಕೊಂಡಿತು. ಅಡ್ಡಕ್ಕೆ ಕೊಯ್ದದ್ದು ಪಟ್ ಅಂತ ಹೋಯಿತು. ಬ್ಲೇಡಿನಿಂದ ಅಂಚು ಕೆರೆದರೆ ಮೇಲಿನ ಪದರ ಅಡಿಕೆ ಹಾಳೆ ಥರ ಉದ್ದಕ್ಕೆ ಸಿಗಿದು ಬಂತು. ಒಳಗಿನದ್ದು ಹಾಗೆ ಸಿಗಿಯಲಿಲ್ಲ.

ಪಾರ್ಟಿಯವರು ಗೋಡೆ ದಪ್ಪ ಮಾಡಿ ಅನ್ನುತ್ತಿದ್ದಾರೆ. ಮಾಡಲಾ?

ನೈಲಾನ್ ಅಭಿಮಾನಿ:
ಬ್ಯಾರೆಲ್ ಬಿಸಿ ಏರಿಸಿ ಅಣ್ಣ, ಬಿರುಕಿನ ಜಾಗದಲ್ಲಿ ಮಾಲು ಸೇರಿಕೊಳ್ಳುತ್ತೆ.

ಪಾಲಿಮರ್ ಮೇಷ್ಟ್ರು:
ಬರೀ ಬಿಸಿಯಿಂದ ಆಗಲ್ಲ. ಇದು ನೈಲಾನ್ ಅಲ್ಲ. ನೈಲಾನ್ ಕರಗಿದಾಗ ಅಣುಸರಪಳಿ ನೂಲಿನ ಉಂಡೆ ಥರ ಸಿಕ್ಕುಸಿಕ್ಕಾಗಿರುತ್ತದೆ. ಎಲ್‌ಸಿಪಿಯದ್ದು ಗಟ್ಟಿ ಕಡ್ಡಿ. ಕರಗಿದಾಗಲೂ ಕಡ್ಡಿಗಳು ಪಕ್ಕಪಕ್ಕ ಮಲಗಿರುತ್ತವೆ. ಹರಿವು ಎಳೆದರೆ ಸಾಕು, ಹತ್ತಿ ಬಾಚಿದ ಹಾಗೆ ಒಂದೇ ಕಡೆ ತಿರುಗುತ್ತವೆ. ಮತ್ತೆ ಚೆದುರುವುದು ಬಹಳ ನಿಧಾನ, ಅಷ್ಟರಲ್ಲಿ ಡೈ (ಅಚ್ಚು) ತಣ್ಣಗೆ ಹಿಡಿದುಬಿಡುತ್ತದೆ.

ಮಾಲಿನ ಮುಂದಲೆ ನಡುವಿನಿಂದ ಉಕ್ಕಿ ಎರಡೂ ಗೋಡೆಗೆ ಹರಡುತ್ತದೆ. ಹರಡುವಾಗ ಜಗ್ಗುತ್ತದೆ, ತಣ್ಣನೆ ಗೋಡೆ ತಾಗಿ ಹಾಗೇ ಹೆಪ್ಪುಗಟ್ಟುತ್ತದೆ. ನಿಮ್ಮ ಬ್ಲೇಡಿಗೆ ಸಿಕ್ಕ ಹಾಳೆ ಅದೇ. ನಡುವಿನ ಭಾಗಕ್ಕೆ ಅಷ್ಟು ಜಗ್ಗಾಟ ಇಲ್ಲ. ಅಗಲ ಪೀಸಿನಲ್ಲಿ ಅಲ್ಲಿನ ಕಡ್ಡಿಗಳು ಅಡ್ಡ ಮಲಗುವುದೂ ಉಂಟು.

ಈಗ ಯೋಚಿಸಿ. ದಪ್ಪ ಮಾಡಿದರೆ ಬೆಳೆಯುವುದು ಈ ನಡುಭಾಗವೇ. ಹಾಳೆಯ ಪಾಲು ಕಡಿಮೆಯಾಗುತ್ತದೆ, ಚದರ ಮಿಲಿಮೀಟರಿಗೆ ಸಿಗುವ ಬಲ ಇಳಿಯುತ್ತದೆ. ಪಾರ್ಟಿಯವರಿಗೆ ಸುಮ್ನೆ ಬೇಡ ಅನ್ನಿ. ಡೇಟಾಶೀಟಿನ ಅಂಕಿ ಒಂದು ತುದಿಯಿಂದ ತುಂಬಿಸಿದ ಪಟ್ಟಿಯದ್ದು, ಉದ್ದಕ್ಕೆ ಎಳೆದು ಅಳೆದದ್ದು. ಅಡ್ಡದ ಅಂಕಿ ಅಲ್ಲಿ ಹುಡುಕಿದರೂ ಸಿಗುವುದು ಅಪರೂಪ. ಪೀಸ್ ಸೊಟ್ಟ ಆಗುವುದಕ್ಕೂ ಇದೇ ಕಾರಣ: ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಕುಗ್ಗುತ್ತದೆ.

ಕೆವ್ಲಾರ್ ನೂಲಿನ ಗುಟ್ಟೂ ಇಂಥ ಕಡ್ಡಿಗಳೇ. 1965ರಲ್ಲಿ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಕಂಡುಕೊಂಡದ್ದು, ದ್ರಾವಣದಿಂದ ನೂತದ್ದು. ನೂಲನ್ನು ಉದ್ದಕ್ಕಷ್ಟೇ ಎಳೆಯುತ್ತೇವೆ, ಅದಕ್ಕೆ ತೊಂದರೆ ಇಲ್ಲ. ಕನೆಕ್ಟರಿಗೆ ಆ ಭಾಗ್ಯ ಇಲ್ಲ.

ದುರ್ಗದ ಡೈಮೇಕರ್:
ಮೇಷ್ಟ್ರು ಹೇಳಿದ್ದು ಸರಿ. ಬಿರುಕಿನ ಮಾತು ನಾನು ಹೇಳುತ್ತೇನೆ. ತೂತು ಮೂಡಿಸಲು ಡೈಯಲ್ಲಿರುವ ಪಿನ್ ಸುತ್ತಿ ಮಾಲು ಎರಡಾಗಿ ಹೋಗಿ ಹಿಂದೆ ಸೇರುತ್ತೆ. ಆ ವೆಲ್ಡ್ ಲೈನಲ್ಲಿ ಕಡ್ಡಿಗಳು ಗೆರೆಯ ಉದ್ದಕ್ಕೇ ಮಲಗುತ್ತವೆ, ಒಂದೂ ದಾಟಲ್ಲ. ಗೇಟ್ (ಡೈಯೊಳಗೆ ಮಾಲು ನುಗ್ಗುವ ಬಾಯಿ) ಈಗ ಎಲ್ಲಿದೆ? ಉದ್ದ ಗೋಡೆಯ ನಡುವೆ ಕೊಟ್ಟಿದ್ದರೆ ಅದನ್ನು ಮುಚ್ಚಿ ತುದಿಗೆ ತನ್ನಿ. ವೆಲ್ಡ್ ಲೈನ್ ಆಚೆ ಒಂದು ಚಿಕ್ಕ ಓವರ್‌ಫ್ಲೋ ಗುಂಡಿ ಕೊಡಿ. ಸೇರಿದ ಮಾಲು ಅಲ್ಲೇ ನಿಲ್ಲದೆ ಮುಂದೆ ಜರುಗಲಿ. ಆಮೇಲೆ ಗುಂಡಿಯಲ್ಲಿ ತುಂಬಿದ ತುಣುಕನ್ನು ಕತ್ತರಿಸಿ ಬಿಸಾಕಿ.

ದಾವಣಗೆರೆ ಮೋಲ್ಡರ್:
ಗೇಟ್ ಉದ್ದ ಗೋಡೆಯ ನಡುವೆಯೇ ಇತ್ತು! ತುದಿಗೆ ತಂದೆ, ಗುಂಡಿಯನ್ನೂ ಕೊಟ್ಟೆ. ಇಪ್ಪತ್ತು ಪೀಸಿಗೆ ಪಿನ್ ಹಾಕಿದರೆ ಎರಡರಲ್ಲಿ ಮಾತ್ರ ಬಿರುಕು. ಸೊಟ್ಟ ಇನ್ನೂ ಇದೆ. 30% ಗ್ಲಾಸ್ ದಾನಾ ಹಾಕಿದರೆ ಹೇಗೆ ಮೇಷ್ಟ್ರೇ?

ಪಾಲಿಮರ್ ಮೇಷ್ಟ್ರು:
ಹಾಕಿ. ಬೇರೆ ಪ್ಲಾಸ್ಟಿಕ್‌ನಲ್ಲಿ ಗ್ಲಾಸ್ ಎಳೆ ಉದ್ದ-ಅಡ್ಡದ ವ್ಯತ್ಯಾಸ ಹೆಚ್ಚಿಸುತ್ತದೆ. ಎಲ್‌ಸಿಪಿಯಲ್ಲಿ ಉಲ್ಟಾ, ಕಡ್ಡಿಗಳ ಸಾಲು ಕೆಡಿಸಿ ವ್ಯತ್ಯಾಸ ತಗ್ಗಿಸುತ್ತದೆ. ಸೊಟ್ಟವೂ ಇಳಿಯುತ್ತದೆ. ಆದರೆ ವೆಲ್ಡ್ ಲೈನ್ ಗ್ಲಾಸ್ ಹಾಕಿದರೂ ಬಡವನೇ. ಗುಂಡಿ ಇರಲಿ, ಮುಚ್ಚಬೇಡಿ.