ಸಹಾಯ ಬೇಕು: ತೀವ್ರ ಮರೆಗುಳಿತನ ಇರುವವರಿಗೆ ಎಸ್‌ಐಬಿ ಅಂಕ ಕೊಡುವ ಬಗೆ

ನೆನಪು, ಅರಿವು ಅಳೆಯುವ ಸಾಮಾನ್ಯ ಪರೀಕ್ಷೆಯಾದ ಎಂಎಂಎಸ್‌ಇಯಲ್ಲಿ 30ಕ್ಕೆ ಎರಡೋ ಮೂರೋ, ಕೆಲವೊಮ್ಮೆ ಸೊನ್ನೆಯೇ ಬರುವ ಹಂತದವರಿಗೆ ಎಸ್‌ಐಬಿ (ಸಿವಿಯರ್ ಇಂಪೇರ್‌ಮೆಂಟ್ ಬ್ಯಾಟರಿ, ತೀವ್ರ ಹಂತದವರ ಅರಿವು ಅಳೆಯುವ ಪರೀಕ್ಷೆ) ಮಾಡುತ್ತಿರುವವರು ದಯವಿಟ್ಟು ಉತ್ತರಿಸಿ. ಸೊನ್ನೆ ಬಂತೆಂದರೆ ಅರಿವೇ ಉಳಿದಿಲ್ಲ ಅಂತಲ್ಲ, ಎಂಎಂಎಸ್‌ಇಗೆ ಅದಕ್ಕಿಂತ ಕೆಳಗೆ ಅಳೆಯಲು ಬರುವುದಿಲ್ಲ, ಅಷ್ಟೇ. ಎಸ್‌ಐಬಿ 100 ಅಂಕದ್ದು. ಒಂದೊಂದೇ ಹೆಜ್ಜೆಯ ಸೂಚನೆ, ಜೊತೆಗೆ ಕೈಸನ್ನೆ. ಅರ್ಧ ಸರಿಯಾದರೂ ಅಂಕ ಸಿಗುತ್ತದೆ.

ತೊಡಕಿರುವುದು ಆ ಅರ್ಧ ಅಂಕದಲ್ಲೇ. ಚಮಚ ತೋರಿಸಿ ಹೆಸರು ಕೇಳಿದರೆ ಮಾತಿಲ್ಲ. ಕೈಗಿಟ್ಟರೆ ನೇರ ಬಾಯಿಗೆ ಒಯ್ಯುತ್ತಾರೆ. ಇನ್ನು ಕೆಲವರು ಚಮಚಕ್ಕೆ ಸರಿಯಾಗಿ ಹೇಳಿ, ಆಮೇಲೆ ಕಪ್ ತೋರಿಸಿದರೂ "ಚಮಚ" ಅನ್ನುತ್ತಾರೆ. ಹಿಂದಿನ ಉತ್ತರ ನಾಲಿಗೆಗೆ ಅಂಟಿಕೊಂಡಿರುತ್ತದೆ. ಇಂಥಲ್ಲಿ ಇಬ್ಬರು ಪರೀಕ್ಷಕರ ಅಂಕ ಹೊಂದುವುದೇ ಇಲ್ಲ.

ಕನ್ನಡಕ, ಶ್ರವಣ ಸಾಧನ, ನೋವು, ಮಲಬದ್ಧತೆ, ಮೂತ್ರದ ಸೋಂಕು, ಮಂಪರು ತರಿಸುವ ಮಾತ್ರೆಯ ಹೊತ್ತು, ಇವನ್ನೆಲ್ಲ ಮೊದಲೇ ನೋಡಿಕೊಂಡಾಗಿದೆ. ಹಠಾತ್ತಾಗಿ ಅರಿವು ಕುಸಿದವರನ್ನು ಸನ್ನಿ (ಡೆಲಿರಿಯಂ, ದಿಢೀರನೆ ಬರುವ ಗೊಂದಲ) ಇರಬಹುದೆಂದು ಈ ಪರೀಕ್ಷೆಯಿಂದ ಕೈಬಿಟ್ಟಿದ್ದೇವೆ.

ತಿಳಿಯಬೇಕಾದ್ದು: ಉತ್ತರಕ್ಕೆ ಎಷ್ಟು ಸೆಕೆಂಡು ಕಾಯುತ್ತೀರಿ? ಉತ್ತರ ಅಂಟಿಕೊಂಡಾಗ ವಸ್ತು ಮರೆಮಾಡಿ ಮತ್ತೆ ಕೇಳುತ್ತೀರಾ, ಮೊದಲ ಉತ್ತರಕ್ಕೇ ಅಂಕ ಹಾಕುತ್ತೀರಾ? ಮಧ್ಯೆ ದಣಿದು ಮುಖ ತಿರುಗಿಸಿದರೆ, ಉಳಿದದ್ದನ್ನು ಮರುದಿನ ಅದೇ ಹೊತ್ತಿಗೆ ಮುಂದುವರಿಸಬಹುದೇ?